ಬೇಲಿ ಇಲ್ಲದ ಊರು ಲ್ಯಾಕ್ಸ್ಟನ್: ಇದರ ಕಥೆ ಗೊತ್ತಿರುವವರು ಇದ್ದೀರಾ?

ಮಂಡ್ಯದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಲಿಂಕನ್‌ಗೆ ಬಂದು ಎಂಟು ತಿಂಗಳಾಯ್ತು. ಹೋದ ಭಾನುವಾರ ಶೆರ್ವುಡ್ ಕಾಡು ನೋಡೋಣ ಅಂತ ಹೊರಟಿದ್ದೆವು. ಮಗಳಿಗೆ ಹಸಿವು ಜೋರಾಯ್ತು. ಟಕ್ಸ್‌ಫರ್ಡ್ ದಾಟಿ ಒಳದಾರಿಗೆ ತಿರುಗಿದಾಗ ಲ್ಯಾಕ್ಸ್ಟನ್ ಅನ್ನುವ ಪುಟ್ಟ ಊರು ಸಿಕ್ಕಿತು. ಅಲ್ಲಿದ್ದ ಪಬ್‌ನಲ್ಲಿ ಊಟ ಮಾಡಿದೆವು.

ಊರು ಒಂಥರಾ ವಿಚಿತ್ರ. ಕೆಂಪು ಇಟ್ಟಿಗೆ ಮನೆಗಳು ರಸ್ತೆಗೆ ಮುಖ ಮಾಡಿಲ್ಲ, ಪಕ್ಕೆ ತೋರಿಸಿಕೊಂಡು ನಿಂತಿವೆ. ರೈತರ ಮನೆ, ಕೊಟ್ಟಿಗೆ ಎಲ್ಲಾ ಊರ ಬೀದಿಯಲ್ಲೇ ಇವೆ. ಈ ದೇಶದಲ್ಲಿ ನಾನು ನೋಡಿದ ರೈತರ ಮನೆಗಳೆಲ್ಲ ಹೊಲದ ನಡುವೆ ಒಂಟಿಯಾಗಿ ಇರುತ್ತವೆ, ಅಲ್ವಾ? ಊರಾಚೆ ಹೋದರೆ ಕಣ್ಣು ಹಾಯುವ ತನಕ ಹೊಲ. ಎಲ್ಲೂ ಒಂದು ಬೇಲಿ ಇಲ್ಲ, ಬದು ಇಲ್ಲ. ಆದರೂ ಬೆಳೆ ಬೇರೆ ಬೇರೆಯವರದು ಅಂತ ಗೊತ್ತಾಗುತ್ತದೆ. ಅಲ್ಲಲ್ಲಿ ಗೂಟ ಹೊಡೆದಿದ್ದರು.

ಪಬ್‌ನಲ್ಲಿ ಒಬ್ಬ ಅಜ್ಜ ಸಿಕ್ಕಿದ್ದರು. 'ಈ ಹೊಲದ ತಂಟೆಗೆಲ್ಲ ಇಲ್ಲೇ, ಈ ಪಬ್‌ನಲ್ಲೇ ಕೋರ್ಟ್ ನಡೆಯುತ್ತದೆ' ಅಂದರು. ತಮಾಷೆಗೆ ಹೇಳಿದರೋ ನಿಜವೋ ತಿಳಿಯಲಿಲ್ಲ. ಅವರ ಮಾತು ನನಗೆ ಅರ್ಧ ಮಾತ್ರ ಅರ್ಥವಾಯ್ತು.

ಇನ್ನೊಂದು ಗೊಂದಲ. ಬೋರ್ಡ್‌ಗಳಲ್ಲೆಲ್ಲ 'ಪ್ಯಾರಿಷ್' ಅಂತ ಬರೆದಿರುತ್ತದೆ. ಪ್ಯಾರಿಷ್ ಅಂದರೆ ಚರ್ಚಿನ ಸಂಗತಿಯಾ, ನಮ್ಮ ಗ್ರಾಮ ಪಂಚಾಯ್ತಿ ಥರಾನಾ? ಯಾರಾದರೂ ಬಿಡಿಸಿ ಹೇಳಿ.

ಬಯಲುಸೀಮೆ ಬಸಣ್ಣ

ಓಪನ್ ಫೀಲ್ಡ್, ಅಂದರೆ ಬೇಲಿ ಇಲ್ಲದ ಬಯಲು ಹೊಲದ ಪದ್ಧತಿ. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಒಂದು ಚಿತ್ರ ಇರುತ್ತಿತ್ತು, ಮೂರು ಹೊಲ, ನಡುವೆ ಊರು. ಇಂಗ್ಲೆಂಡಿನಲ್ಲಿ ಎಲ್ಲಾ ಕಡೆ ಹೋಯಿತು, ಇದೊಂದು ಉಳಿದಿದೆ. ಟೂರಿಸ್ಟ್‌ಗಳಿಗೆ ಅಂತ ಇಟ್ಟುಕೊಂಡಿರಬೇಕು. ಕೋರ್ಟ್ ಗೀರ್ಟ್ ಎಲ್ಲಾ ಸುಮ್ನೆ ನಾಟಕ.

ಕಗ್ಗದ ಗದ್ದೆ

ಬಸಣ್ಣ, ಅರ್ಧ ಸರಿ, ಅರ್ಧ ತಪ್ಪು. ನಾನು ಹದಿನಾಲ್ಕು ವರ್ಷದಿಂದ ನ್ಯೂವಾರ್ಕ್‌ನಲ್ಲಿದ್ದೇನೆ, ಲ್ಯಾಕ್ಸ್ಟನ್ ನನ್ನ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ತಲೆ ಕೆಟ್ಟಾಗ ಹೋಗಿ ನಡೆದು ಬರುವ ಜಾಗ ಅದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮೊದಲು ಪ್ಯಾರಿಷ್. ತಂಗಿ, ನಿಮ್ಮ ಎರಡೂ ಊಹೆ ಸರಿ. ಶುರುವಿನಲ್ಲಿ ಅದು ಚರ್ಚಿನ ಸರಹದ್ದು. ಒಬ್ಬ ಪಾದ್ರಿ, ಒಂದು ಚರ್ಚು, ಅದಕ್ಕೆ ಬೆಳೆಯ ಹತ್ತನೇ ಒಂದು ಪಾಲು ಕೊಡುವ ಊರು. ಆಮೇಲೆ ಸರ್ಕಾರ ಒಂದೊಂದೇ ಕೆಲಸವನ್ನು ಅದರ ತಲೆಗೆ ಕಟ್ಟಿತು. 1538ರಲ್ಲಿ ಮದುವೆ, ದೀಕ್ಷಾಸ್ನಾನ, ಮಣ್ಣು ಮಾಡಿದ್ದು, ಮೂರನ್ನೂ ಪುಸ್ತಕದಲ್ಲಿ ಬರೆದಿಡಿ ಅಂತ ಹುಕುಂ ಬಂತು. 1601ರ ಕಾನೂನು ಊರಿನ ಬಡವರನ್ನು ಸಾಕುವ ಹೊಣೆಯನ್ನೂ ಪ್ಯಾರಿಷ್‌ಗೇ ಹಾಕಿತು. ಅದಕ್ಕೆ ಊರವರಿಂದಲೇ ತೆರಿಗೆ ಎತ್ತಬೇಕು. ಹಾಗಾಗಿ ಯಾರು 'ನಮ್ಮ ಊರಿನವರು', ಯಾರು ಅಲ್ಲ ಅನ್ನುವುದು ದೊಡ್ಡ ಜಗಳ. ಬೇರೆ ಊರಿನ ಬಡವರು ಬಂದರೆ ಅವರನ್ನು ಅವರ ಪ್ಯಾರಿಷ್‌ಗೆ ವಾಪಸ್ ಅಟ್ಟುತ್ತಿದ್ದರು. 1894ರಲ್ಲಿ ಚರ್ಚಿನ ಪ್ಯಾರಿಷ್ ಬೇರೆ, ಆಡಳಿತದ ಪ್ಯಾರಿಷ್ ಬೇರೆ ಆಯಿತು. ಈಗ ನೀವು ಬೋರ್ಡಿನಲ್ಲಿ ನೋಡುವ ಪ್ಯಾರಿಷ್ ಕೌನ್ಸಿಲ್ ಹೆಚ್ಚು ಕಡಿಮೆ ನಮ್ಮ ಗ್ರಾಮ ಪಂಚಾಯ್ತಿ. ದುಡ್ಡು ಮಾತ್ರ ಇನ್ನೂ ಕಡಿಮೆ.

ಈಗ ಹೊಲ. ಊರ ಸುತ್ತ ಮೂರು ದೊಡ್ಡ ಬಯಲು ಇವೆ: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಪ್ರತಿ ಬಯಲನ್ನೂ ಉದ್ದ ಪಟ್ಟಿಗಳಾಗಿ ಸೀಳಿದ್ದಾರೆ. ಒಬ್ಬ ರೈತನಿಗೆ ಮೂರರಲ್ಲೂ ಅಲ್ಲೊಂದು ಇಲ್ಲೊಂದು ಪಟ್ಟಿ. ಒಳ್ಳೆ ಮಣ್ಣೂ ಸಿಗುತ್ತದೆ, ಜೇಡಿಯೂ ಸಿಗುತ್ತದೆ. ಒಂದು ವರ್ಷ ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲು. ನನ್ನ ಪಟ್ಟಿಯಲ್ಲಿ ನಾನು ಬೇರೆ ಬೆಳೆಯುತ್ತೇನೆ ಅನ್ನುವ ಹಾಗಿಲ್ಲ. ಪಟ್ಟಿ ಅಲ್ಲಲ್ಲಿ ಚದುರಿರುವುದರಿಂದಲೇ ರೈತರೆಲ್ಲ ಊರ ನಡುವೆ ಉಳಿದರು. ಎಲ್ಲ ಹೊಲಕ್ಕೂ ಅಲ್ಲಿಂದಲೇ ಹೋಗಬೇಕಲ್ಲ. ಬೇರೆ ಊರುಗಳಲ್ಲಿ ಜಮೀನು ಒಂದೇ ಕಡೆ ಒಟ್ಟಾದ ಮೇಲೆ ಎಷ್ಟೋ ಮನೆಗಳೂ ಹೊಲಕ್ಕೇ ಹೋದವು.

ಪಟ್ಟಿ ಯಾಕೆ ಉದ್ದ? ಎತ್ತು ಕಟ್ಟಿದ ಭಾರದ ನೇಗಿಲನ್ನು ತಿರುಗಿಸುವುದು ಕಷ್ಟ. ಹಾಗಾಗಿ ಆದಷ್ಟು ದೂರ ನೆಟ್ಟಗೆ ಹೋಗಿ ಒಂದೇ ಸಲ ತಿರುಗಿಸು. ಇಂಗ್ಲಿಷರ ಎಕರೆ ಬಂದದ್ದೂ ಹೀಗೇ: ಉದ್ದ 220 ಗಜ, ಅಗಲ 22 ಗಜ. ಆ 22 ಗಜ ಎಲ್ಲೋ ಕೇಳಿದ ಹಾಗಿದೆಯಾ? ಕ್ರಿಕೆಟ್ ಪಿಚ್ಚಿನ ಉದ್ದ. ಅದರ ಅರ್ಧ 33 ಅಡಿ. ಮೂವತ್ತಮೂರಕ್ಕೆ ಮೂವತ್ತಮೂರು ಅಡಿ ಅಳೆದರೆ ನಮ್ಮ ಪಹಣಿಯ ಒಂದು ಗುಂಟೆ. ಇದನ್ನು ಹೇಳಿದಾಗ ನನ್ನ ಮಗ ಮೊದಲ ಸಲ ಈ ಊರಿನ ಬಗ್ಗೆ ಕಿವಿ ಕೊಟ್ಟ.

ಕೋರ್ಟ್ ನಾಟಕ ಅಲ್ಲ. ನಿಮ್ಮ ಅಜ್ಜ ಹೇಳಿದ್ದು ನಿಜ. ಅದರ ಹೆಸರು ಕೋರ್ಟ್ ಲೀಟ್. ನವೆಂಬರ್ ಕೊನೆಯ ಗುರುವಾರ ಹನ್ನೆರಡು ಜನ ಪಂಚರು ಗಂಬೂಟು ಹಾಕಿಕೊಂಡು, ಆ ವರ್ಷ ಗೋಧಿ ಬಿತ್ತಿದ ಬಯಲಿಗೆ ಹೋಗುತ್ತಾರೆ. ಪಟ್ಟಿಗಳ ನಡುವೆ, ಅಂಚಿನಲ್ಲಿ, ಉಳಲಾಗದ ಹುಲ್ಲಿನ ಜಾಗಗಳಿವೆ. ಅವಕ್ಕೆ ಸೈಕ್ ಅನ್ನುತ್ತಾರೆ. ಅವು ಎಲ್ಲರದೂ. ಯಾರಾದರೂ ಉಳುವಾಗ ಒಂದು ಸಾಲು ಸೈಕಿಗೋ ದಾರಿಗೋ ಒತ್ತಿದ್ದಾರಾ ಅಂತ ನೋಡುತ್ತಾರೆ. ಎಲ್ಲಿ ಗಡಿ ಅಳಿಸಿದೆಯೋ ಅಲ್ಲಿ ಗೂಟ. ನೀವು ನೋಡಿದ್ದು ಅದೇ. ಆಮೇಲೆ ಪಬ್‌ಗೆ ಹೋಗಿ ಊಟ. ಒಂದು ವಾರ ಬಿಟ್ಟು ಅದೇ ಡವ್‌ಕೋಟ್ ಇನ್‌ನಲ್ಲಿ ಕೋರ್ಟ್ ಕೂಡುತ್ತದೆ. ತಪ್ಪು ಓದುತ್ತಾರೆ, ದಂಡ ಹಾಕುತ್ತಾರೆ, ಮುಂದಿನ ವರ್ಷದ ಪಂಚರಿಗೆ ಪ್ರಮಾಣ ಮಾಡಿಸುತ್ತಾರೆ. ಪಂಚರೂ ಅದೇ ಹೊಲದ ರೈತರು. ಈ ವರ್ಷ ದಂಡ ಹಾಕಿದವನು ಮುಂದಿನ ವರ್ಷ ತಾನೇ ದಂಡ ಕಟ್ಟಬಹುದು.

ಇಂಥ ಕೋರ್ಟುಗಳು ಹಿಂದೆ ದೇಶದ ತುಂಬಾ ಇದ್ದವು. 1977ರಲ್ಲಿ ಪಾರ್ಲಿಮೆಂಟು ಅವುಗಳ ಅಧಿಕಾರ ಕಿತ್ತುಕೊಂಡಾಗ ಲ್ಯಾಕ್ಸ್ಟನ್ ಒಂದನ್ನು ಹಾಗೇ ಬಿಟ್ಟಿತು. ಡೆವನ್‌ನ ಬ್ರಾಂಟನ್‌ನಲ್ಲೂ ಪಟ್ಟಿ ಹೊಲ ಉಳಿದಿದೆ. ಆದರೆ ಹೊಲವನ್ನು ಹೀಗೆ ವರ್ಷವರ್ಷ ಆಳುವ ಕೋರ್ಟ್ ಇರುವುದು ಇಲ್ಲಿ.

ಚರ್ಚ್ ಒಳಗೆ ಹೋಗಿದ್ದಿರಾ? ಸಂತ ಮೈಕೇಲ್‌ನ ಚರ್ಚು. ಒಳಗೆ ಎವರಿಂಗ್‌ಹ್ಯಾಮ್ ಮನೆತನದ ಒಬ್ಬ ಯಜಮಾನ, ಅವನ ಇಬ್ಬರು ಹೆಂಡಿರು ಮಲಗಿದ ಹಾಗೆ ಪ್ರತಿಮೆಗಳಿವೆ. ಗಂಡನದೂ ಒಬ್ಬಳದೂ ಕಲ್ಲು. ಇನ್ನೊಬ್ಬಳದು ಮಾತ್ರ ಓಕ್ ಮರ. ಯಾಕೆ ಹೀಗೆ ಅಂತ ನಾನು ನನ್ನಾಕೆಗೆ ಹತ್ತು ಕಾರಣ ಕಟ್ಟಿ ಹೇಳಿದೆ. 'ಎರಡನೆಯವಳಿಗೆ ಅಷ್ಟೇ ಸಾಕು ಅಂದಿರಬೇಕು' ಅಂತ ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ಚರ್ಚಿನಿಂದ ಉತ್ತರಕ್ಕೆ ನಡೆದರೆ ಹುಲ್ಲು ಬೆಳೆದ ದೊಡ್ಡ ದಿಬ್ಬ. ಅದು ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕಾಲದ ಕೋಟೆ. ಶೆರ್ವುಡ್ ಕಾಡನ್ನು ರಾಜನ ಪರವಾಗಿ ಕಾಯುತ್ತಿದ್ದವರು ಅಲ್ಲಿದ್ದರು. ಈಗ ಕುರಿ, ಗಾಳಿ ಬಿಟ್ಟರೆ ಏನಿಲ್ಲ.

ಮಂಡ್ಯದ ಹುಡುಗಿ

ಅಣ್ಣಾ, ಇಷ್ಟು ಇದೆ ಅಂತ ಗೊತ್ತಿದ್ದರೆ ಮೀನು-ಚಿಪ್ಸ್ ತಿಂದು ಹೊರಟು ಬರುತ್ತಿರಲಿಲ್ಲ. ಚರ್ಚ್ ಬಾಗಿಲು ತನಕ ಹೋಗಿ ಮಳೆ ಬಂತು ಅಂತ ತಿರುಗಿದೆವು.

ಎರಡು ಸಂಶಯ. ಎಲ್ಲಾ ಕಡೆ ಹೋಗಿದ್ದು ಇಲ್ಲಿ ಮಾತ್ರ ಯಾಕೆ ಉಳಿಯಿತು? ಮತ್ತೆ 1635ರ ಒಂದು ದೊಡ್ಡ ನಕ್ಷೆಯ ವಿಷಯ ಆ ಅಜ್ಜ ಹೇಳುತ್ತಿದ್ದರು. ಯಾರೋ 'ಕೋರ್ಟನ್' ಅಂದ ಹಾಗಾಯ್ತು. ಅದು ಕೋರ್ಟೋ, ಮನುಷ್ಯನೋ?

ಕಗ್ಗದ ಗದ್ದೆ

ಮನುಷ್ಯ! ನೀವು ಈ ಪ್ರಶ್ನೆ ಕೇಳಲಿ ಅಂತಲೇ ಕಾಯುತ್ತಿದ್ದೆ. ಆದರೆ ಮೊದಲ ಸಂಶಯ ಮೊದಲು.

1604ರಿಂದ 1914ರ ತನಕ ಇಂಗ್ಲೆಂಡಿನ ಪಾರ್ಲಿಮೆಂಟು ಬಯಲು ಹೊಲಗಳಿಗೂ ಗೋಮಾಳಗಳಿಗೂ ಬೇಲಿ ಹಾಕಿಸಲು 5,200ಕ್ಕೂ ಜಾಸ್ತಿ ಕಾಯ್ದೆ ಮಾಡಿತು. ಸುಮಾರು 68 ಲಕ್ಷ ಎಕರೆ. ಪಟ್ಟಿಗಳನ್ನೆಲ್ಲ ಒಟ್ಟು ಮಾಡಿ, ಒಬ್ಬೊಬ್ಬರಿಗೆ ಒಂದೇ ಕಡೆ ಜಮೀನು ಕೊಟ್ಟು, ಸುತ್ತ ಬೇಲಿ ನೆಡಿಸಿದರು. ದೊಡ್ಡವರಿಗೆ ಲಾಭ ಆಯಿತು. ಒಂದು ಹಸು, ನಾಲ್ಕು ಬಾತುಕೋಳಿ ಇಟ್ಟುಕೊಂಡು ಊರ ಹುಲ್ಲು ನಂಬಿ ಬದುಕಿದವರು ಕೂಲಿಗೆ ಇಳಿದರು. ನೀವು ರೈಲಿನ ಕಿಟಕಿಯಿಂದ ನೋಡಿ 'ಎಷ್ಟು ಚಂದ' ಅನ್ನುತ್ತೀರಲ್ಲ, ಆ ಹಸಿರು ಬೇಲಿಗಳ ಎಷ್ಟೋ ಸಾಲು ಈ ಕಾಯ್ದೆಗಳ ಫಲ.

ಲ್ಯಾಕ್ಸ್ಟನ್‌ನಲ್ಲೂ ಸ್ವಲ್ಪ ಸ್ವಲ್ಪ ಬೇಲಿ ಆಯಿತು. ಈಗ ಉಳಿದಿರುವುದು ಹಳೆಯ ಬಯಲಿನ ಒಂದು ಭಾಗ ಅಷ್ಟೇ. ಪೂರ್ತಿ ಆಗದೆ ಇದ್ದದ್ದಕ್ಕೆ ಯಾರ ದೊಡ್ಡ ಮನಸ್ಸೂ ಕಾರಣ ಅಲ್ಲ. ಊರಿನ ಹೆಚ್ಚಿನ ಭೂಮಿ ಮ್ಯಾನ್ವರ್ಸ್ ಅರ್ಲ್‌ಗಳದು (ಅರ್ಲ್ ಅಂದರೆ ಇಲ್ಲಿನ ದೊಡ್ಡ ಮನೆತನದ ಯಜಮಾನರ ಬಿರುದು). ಉಳಿದದ್ದರಲ್ಲಿ ದೊಡ್ಡ ಪಾಲು ಸ್ಕಾರ್ಬರೋ ಅರ್ಲ್‌ಗಳದು. ಇಬ್ಬರ ಜಮೀನೂ ಒಂದರೊಳಗೊಂದು ಹೆಣೆದುಕೊಂಡಿತ್ತು, ಇಬ್ಬರಿಗೂ ಒಪ್ಪಂದ ಕೂಡಿ ಬರಲಿಲ್ಲ. ಅಣ್ಣತಮ್ಮಂದಿರ ಪಾಲು ಪಟ್ಟಿ ಆಗದೆ ಹಳೆ ಮನೆ ಹಾಗೇ ಉಳಿಯುತ್ತದಲ್ಲ, ಆ ಥರ. ಬೇಲಿ ಹಾಕಿಸುವ ಹುರುಪು ಇಳಿಯುವ ಹೊತ್ತಿಗೆ ಇದು ಪಂಡಿತರು ಬಂದು ನೋಡುವ ಊರಾಗಿತ್ತು. 1952ರಲ್ಲಿ ಆಗಿನ ಅರ್ಲ್ ಊರನ್ನು ಕೃಷಿ ಇಲಾಖೆಗೆ ಮಾರಿದರು. 1981ರಲ್ಲಿ ರಾಜಮನೆತನದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಕೊಂಡಿತು. ಥೋರ್ಸ್‌ಬಿ ಅಂದರೆ ಅದೇ ಮ್ಯಾನ್ವರ್ಸ್‌ರ ಮನೆ. ಸುತ್ತಿ ಸುತ್ತಿ ಅಲ್ಲಿಗೇ ಬಂತು.

ಈಗ ಕೋರ್ಟನ್. ಸರ್ ವಿಲಿಯಂ ಕೋರ್ಟನ್ ಲಂಡನ್ನಿನ ದೊಡ್ಡ ಸಾಹುಕಾರ. ಅಪ್ಪ ಇಂದಿನ ಬೆಲ್ಜಿಯಂ ಕಡೆಯಿಂದ ಧರ್ಮದ ಕಿರುಕುಳಕ್ಕೆ ಓಡಿ ಬಂದವರು. ಬಟ್ಟೆ ವ್ಯಾಪಾರದಿಂದ ಮೇಲೆ ಬಂದ ಮನೆ. ರಾಜನಿಗೇ ಸಾಲ ಕೊಡುವಷ್ಟು ದುಡ್ಡು. 1627ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರು ನೆಲೆಯೂರಿದ್ದು ಈತನ ಹಡಗಿನಿಂದ. ಆಮೇಲೆ ಆ ದ್ವೀಪ ಕೈತಪ್ಪಿತು. ಇಂಥವನು ಲ್ಯಾಕ್ಸ್ಟನ್ ಊರನ್ನು ಕೊಂಡಿದ್ದ. ಕೊಂಡ ಆಸ್ತಿಯ ಲೆಕ್ಕ ಬೇಕಲ್ಲ? ಮಾರ್ಕ್ ಪಿಯರ್ಸ್ ಅನ್ನುವ ಸರ್ವೆಯರನ್ನು ಕರೆಸಿದ. 1635ರಲ್ಲಿ ನಕ್ಷೆ ತಯಾರಾಯಿತು. ಒಂದೊಂದು ಪಟ್ಟಿಯನ್ನೂ ಅಳೆದು, ಯಾರದು ಅಂತ ಪುಸ್ತಕದಲ್ಲಿ ಬರೆದರು. ನಕ್ಷೆಯೊಳಗೆ ಉಳುವವರು, ಕೊಯ್ಯುವವರು, ಬೇಟೆಯವರು ಸಣ್ಣ ಸಣ್ಣದಾಗಿ ಇದ್ದಾರೆ. ಮೂಲ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿದೆ. ನಾನು ನೋಡಿದ್ದು ಛಾಯಾಪ್ರತಿ. ಅದನ್ನು ನೋಡಿಯೇ ಒಂದು ಇಡೀ ಮಧ್ಯಾಹ್ನ ಹೋಯಿತು.

ಇನ್ನು ಗಟ್ಟಿಯಾಗಿ ಕುಳಿತುಕೊಳ್ಳಿ. ಅದೇ 1635ರ ಡಿಸೆಂಬರಿನಲ್ಲಿ ರಾಜ ಒಂದನೇ ಚಾರ್ಲ್ಸ್ ಇದೇ ಕೋರ್ಟನ್ ಮತ್ತು ಅವನ ಜೊತೆಗಾರರಿಗೆ ಇಂಡಿಯಾದ ಕಡೆ ವ್ಯಾಪಾರ ಮಾಡಲು ಪರವಾನಗಿ ಕೊಟ್ಟ. ಈಸ್ಟ್ ಇಂಡಿಯಾ ಕಂಪನಿಗೆ ಹೊಟ್ಟೆಯುರಿ. ಮುಂದಿನ ಏಪ್ರಿಲಿನಲ್ಲಿ ಜಾನ್ ವೆಡೆಲ್ ಅನ್ನುವ ಕಪ್ತಾನನ ಕೈಕೆಳಗೆ ಆರು ಹಡಗು ಹೊರಟವು. ಕೆಲವೇ ವಾರಗಳಲ್ಲಿ ಕೋರ್ಟನ್ ತೀರಿಕೊಂಡ. ಹಡಗುಗಳು ಮೊದಲು ಗೋವಾಕ್ಕೆ ಬಂದವು. ಆಮೇಲೆ ಎಲ್ಲಿಗೆ ಗೊತ್ತಾ? ಭಟ್ಕಳಕ್ಕೆ. ಕಾಳುಮೆಣಸಿಗೆ.

ನಾನು ಕುಮಟಾದವನು. ಲ್ಯಾಕ್ಸ್ಟನ್ ನಕ್ಷೆ ಮಾಡಿಸಿದವನ ಹೆಸರನ್ನು ಇನ್ನೆಲ್ಲೋ ಓದಿದ್ದೇನಲ್ಲ ಅಂತ ಎರಡು ದಿನ ತಲೆ ಕೆರೆದುಕೊಂಡೆ. ಕಾರವಾರದ ಚರಿತ್ರೆಯಲ್ಲಿ! ಸೋಂದೆಯ ಮೆಣಸಿನ ಆಸೆಗೆ 1638ರಲ್ಲಿ ಕಡವಾಡದಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆದದ್ದು ಇದೇ ಕೋರ್ಟನ್ ಕಂಪನಿ. ಇಲ್ಲಿ ಜೇಡಿಮಣ್ಣಿನ ಪಟ್ಟಿಗಳ ಲೆಕ್ಕ ಬರೆಸಿದ ಮನೆಯ ದುಡ್ಡೇ ಅಲ್ಲಿ ನಮ್ಮ ಘಟ್ಟದ ಮೆಣಸಿಗೆ ಹೋಯಿತು. ಲಾಭ ಮಾತ್ರ ಬರಲಿಲ್ಲ. ವೆಡೆಲ್ ವಾಪಸ್ ಬರುವಾಗ ಸಮುದ್ರದಲ್ಲೇ ಹೋದ. ಕೋರ್ಟನ್‌ನ ಮಗ ಸಾಲಕ್ಕೆ ಹೆದರಿ ದೇಶ ಬಿಟ್ಟ. ಲ್ಯಾಕ್ಸ್ಟನ್ ಪಿಯರ್‌ಪಾಂಟ್ ಮನೆತನದ ಪಾಲಾಯಿತು. ಮುಂದೆ ಮ್ಯಾನ್ವರ್ಸ್ ಅರ್ಲ್‌ಗಳಾದದ್ದು ಅವರ ಮನೆಯವರೇ.

ಇಕ್ಕೇರಿ ಬೀದಿ

ನಾನು ಸಾಗರದವನು, ಸುಮ್ಮನಿರಲು ಆಗಲಿಲ್ಲ. ಆ ಹಡಗಿನಲ್ಲಿ ಪೀಟರ್ ಮಂಡಿ ಅನ್ನುವವನಿದ್ದ. ಕಾರ್ನ್‌ವಾಲ್ ಕಡೆಯವನು, ಹೋದಲ್ಲೆಲ್ಲ ಡೈರಿ ಬರೆದು ಚಿತ್ರ ಬಿಡಿಸುತ್ತಿದ್ದ. 1637ರಲ್ಲಿ ಭಟ್ಕಳದಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದವರಲ್ಲಿ ಅವನೂ ಒಬ್ಬ. ಆಗ ಕೆಳದಿಯ ವೀರಭದ್ರ ನಾಯಕರ ಕಾಲ. ಭಟ್ಕಳದಲ್ಲಿ ಕೋಠಿ ಇಡಲು ಒಪ್ಪಿಗೆ ಸಿಕ್ಕಿದ್ದು ಆಗಲೇ. ಸ್ವಲ್ಪ ಸಮಯದಲ್ಲೇ ರಾಜಧಾನಿ ಬಿದನೂರಿಗೆ ಹೋಯಿತು. ಈಗ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನ ಮಾತ್ರ ಹಾಗೇ ಇದೆ. ನಾವು ಚಿಕ್ಕವರಿದ್ದಾಗ ಅದರ ಅಂಗಳದಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಇಂಗ್ಲಿಷರು ಅಲ್ಲಿಗೆ ಬಂದಿದ್ದು ಗೊತ್ತಿತ್ತು. ಕಳಿಸಿದವನ ಊರು ಹೀಗೆ ಜೀವಂತ ಇದೆ ಅಂತ ಗೊತ್ತಿರಲಿಲ್ಲ.

ಬಯಲುಸೀಮೆ ಬಸಣ್ಣ

ಸರಿ, ನಾಟಕ ಅಂದಿದ್ದು ವಾಪಸ್. ಆದರೂ ಒಂದು ಮಾತು. ಪಬ್‌ನಲ್ಲಿ ಕೂತು ನಾಲ್ಕು ಪೌಂಡ್ ದಂಡ ಹಾಕಿದರೆ ಯಾರು ಕೇಳುತ್ತಾರೆ? ನಮ್ಮಲ್ಲಿ ಒಂದು ಸಾಲು ಒತ್ತಿದರೆ ತಲೆ ಒಡೆಯುತ್ತವೆ. ಮತ್ತೆ ದನ ಹೊಕ್ಕರೆ? ಬೇಲಿನೇ ಇಲ್ಲ ಅಂತೀರಿ.

ಕಗ್ಗದ ಗದ್ದೆ

ದನಕ್ಕೆ ಕೊಂಡವಾಡ ಇತ್ತು ಬಸಣ್ಣ! ಪಬ್ ಹತ್ತಿರವೇ ಇದೆ, ಇಟ್ಟಿಗೆ ಗೋಡೆಯದು. ಅದನ್ನು ನೋಡಿಕೊಳ್ಳುವವನಿಗೆ ಪಿಂಡರ್ ಅಂತ ಹೆಸರು. ಅವನನ್ನು ನೇಮಿಸುವುದೂ ಇದೇ ಕೋರ್ಟು.

ಯಾರು ಕೇಳುತ್ತಾರೆ ಅನ್ನುವುದಕ್ಕೆ ನನ್ನ ಅಪ್ಪಯ್ಯನ ಮಾತು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಅವರು ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ನಮ್ಮದು ಅಘನಾಶಿನಿ ದಂಡೆಯ ಗಜನಿ ಗದ್ದೆ. ಉಪ್ಪುನೀರು ನುಗ್ಗುವ ಜಾಗ, ಕಗ್ಗ ಭತ್ತ ಬೆಳೆಯುತ್ತೇವೆ. ಅಲ್ಲಿ ಒಬ್ಬೊಬ್ಬರೇ ಬೇಸಾಯ ಮಾಡಲು ಆಗುವುದಿಲ್ಲ. ಕಟ್ಟೆ ಒಡೆದರೆ ಎಲ್ಲರ ಬೆಳೆಯೂ ಹೋಯಿತು. ನೀರು ಬಿಡುವುದು, ಕಟ್ಟುವುದು ಎಲ್ಲ ಕೂಡಿಯೇ. ಮೇಲಿನ ಗದ್ದೆಯದು ಬೇರೆ ಕಥೆ. ಅಲ್ಲಿ ಒಂದು ಬದುವಿಗಾಗಿ ಅಪ್ಪಯ್ಯ ಹನ್ನೊಂದು ವರ್ಷ ಕೋರ್ಟು ಅಲೆದಿದ್ದಾರೆ. ಗೆದ್ದ ಹೊತ್ತಿಗೆ ಎದುರು ಪಾರ್ಟಿ ಸತ್ತು ಹೋಗಿದ್ದ. ವಕೀಲರ ಫೀಸು ಆ ಜಾಗದ ಬೆಲೆಗಿಂತ ಜಾಸ್ತಿ ಆಗಿತ್ತು.

ಮಿಲ್ ಫೀಲ್ಡಿನ ಅಂಚಿನಲ್ಲಿ ನಿಂತು ನಾನು ಇದನ್ನೆಲ್ಲ ವಿವರಿಸಿದೆ. ಅಪ್ಪಯ್ಯ ಏನೂ ಮಾತಾಡಲಿಲ್ಲ. ಒಂದು ಗೂಟದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಮುಂದಿನ ಗೂಟ ನೇರಕ್ಕೆ ಇದೆಯಾ ಅಂತ ನೋಡಿದರು. ಆಮೇಲೆ, 'ದಂಡ ಎಷ್ಟು ಅನ್ನೋದಲ್ಲ ಮಾಣಿ. ಹನ್ನೆರಡು ಜನ ಪ್ರತಿ ವರ್ಷ ಬಂದು ನೋಡ್ತಾರಲ್ಲ, ಅದು' ಅಂದರು. 'ಒತ್ತುವರಿ ಒಂದು ವರ್ಷಕ್ಕೆ ಒಂದು ಗೇಣು. ಅವತ್ತೇ ಗೂಟ ಹೊಡೆದರೆ ಒಂದು ಗೇಣಿನ ಜಗಳ. ಮೂವತ್ತು ವರ್ಷ ಬಿಟ್ಟು ಅಳೆಸಿದರೆ ನನ್ನ ಥರ ಆಗ್ತದೆ.'

ಅಂದ ಹಾಗೆ ಆ ಗೂಟ ನೇರಕ್ಕೆ ಇರಲಿಲ್ಲವಂತೆ. ಊರಿಗೆ ಹೋಗುವ ತನಕ ಅದನ್ನೇ ಹೇಳುತ್ತಿದ್ದರು.

ಮಂಡ್ಯದ ಹುಡುಗಿ

ಅಪ್ಪಯ್ಯನವರಿಗೆ ನಮ್ಮ ನಮಸ್ಕಾರ ಹೇಳಿ. ನಮ್ಮ ತಾತನೂ ಕಬ್ಬಿನ ಗದ್ದೆ ಬದುವಿನ ಮೇಲೆ ಹೀಗೇ ಕೂತು ನೋಡುತ್ತಿದ್ದರು.

ನವೆಂಬರ್ ಕೊನೆಯ ಗುರುವಾರ ರಜೆ ಕೇಳುತ್ತೇನೆ. ಹೊರಗಿನವರು ದೂರ ನಿಂತು ನೋಡಿದರೆ ಅವರಿಗೆ ಬೇಜಾರಾಗುವುದಿಲ್ಲ ತಾನೇ? ಮಗಳನ್ನು ಕರೆತರಬಹುದಾ?

ಕಗ್ಗದ ಗದ್ದೆ

ಪಬ್‌ಗೆ ಮೊದಲೇ ಒಂದು ಫೋನ್ ಮಾಡಿ ಕೇಳಿ, ಅವರೇ ಹೇಳುತ್ತಾರೆ. ಸಾಮಾನ್ಯವಾಗಿ ರೈತರು ಪ್ರಶ್ನೆ ಕೇಳಿದರೆ ಖುಷಿಯಾಗಿ ಉತ್ತರ ಕೊಡುತ್ತಾರೆ, ಬಿತ್ತಿದ ಪಟ್ಟಿ ತುಳಿಯಬೇಡಿ ಅಷ್ಟೇ. ಮಗಳಿಗೆ ಗಂಬೂಟು ಬೇಕೇ ಬೇಕು. ಅಲ್ಲಿನ ಜೇಡಿ ಬೂಟನ್ನೇ ಕಿತ್ತುಕೊಳ್ಳುತ್ತದೆ. ನನ್ನ ಮಗನ ಹಳೆಯ ಜೋಡಿ ಗ್ಯಾರೇಜಿನಲ್ಲಿದೆ, ಅಳತೆ ಹೇಳಿ. ಈ ಸಲ ಚರ್ಚಿನೊಳಗೆ ಹೋಗಿ ಬನ್ನಿ, ಮಳೆ ಬಂದರೂ ಸರಿ. ಆ ಮರದ ಹೆಂಡತಿಗೆ ಒಂದು ಹಾಯ್ ಹೇಳಿ.